ಬೂದಿಯಲ್ಲಿ ಆರಬೇಕಿದ್ದ ಕೊಂಡಿ

ನಿಂಬರ್ಗಾದ ಕಂಬಾರ ದಶರಥ ಸತ್ತು ಹದಿನಾರು ದಿನವಾಗಿತ್ತು. ಅವನ ಹೆಂಡತಿ ಶರಣಬಸಮ್ಮನ ಮುಂದೆ ಪೊಲೀಸ್ ಬಂದೇನವಾಜ ಒಂದು ಹಾಳೆ ಹಿಡಿದು ನಿಂತಿದ್ದ. ಮೃತನು ತಾನೇ ಮಾಡಿದ ಬೆಸುಗೆ ಸರಿಯಿಲ್ಲದ್ದರಿಂದ ಟ್ರಾಲಿಯ ಕೊಂಡಿ ಮುರಿದು, ಟ್ರಾಲಿ ಹಿಂದಕ್ಕೆ ಉರುಳಿ ಮೃತಪಟ್ಟಿರುತ್ತಾನೆ ಎಂದು ಅದರಲ್ಲಿ ಬರೆದಿತ್ತು. ಕೆಳಗೆ ಅವಳ ಸಹಿ ಬೇಕಿತ್ತು.

ಅವಳು ಮೂರನೇ ಇಯತ್ತೆ ಓದಿದವಳು. ಅಕ್ಷರ ಕೂಡಿಸಿ ಕೂಡಿಸಿ ಓದಿದಳು. ‘ಸರಿಯಿಲ್ಲದ್ದರಿಂದ’ ಎಂಬಲ್ಲಿ ಬೆರಳು ನಿಂತಿತು.

"ಇದಕ್ಕ ನಾ ಸಹಿ ಮಾಡಂಗಿಲ್ರಿ ಸಾಹೇಬ್ರ."

"ಯಾಕ ಬೇ? ಸತ್ತಾಂವ ಎದ್ದು ಬರ್ತಾನೇನು? ಟ್ರಾಲಿ ಮಾಲಕ್ ಗೌಡ್ರು ಹೇಳ್ಯಾರ, ನಾ ಬರ್ದೀನಿ."

"ಗೌಡ್ರು ಹೇಳ್ಯಾರ. ಕಬ್ಬಿಣ ಏನ್ ಹೇಳ್ತದ, ಕೇಳೀರೇನ್ರಿ?"

ಬಂದೇನವಾಜ ನಕ್ಕ. "ಕಬ್ಬಿಣದ ಜಬಾನಿ ಬರ್ಕೊಳ್ಳೂ ಕಾಯ್ದೆ ಇನ್ನಾ ಬಂದಿಲ್ಲ."

"ನಾಳೆ ಆ ಮುರಿದ ಕೊಂಡಿ ತಗೊಂಡು ಬರ್ರಿ. ಗೌಡ್ರನ್ನೂ ಕರ್ಕೊಂಡು ಬರ್ರಿ. ಆಮ್ಯಾಲ ಸಹಿ."

ಇಜೇರಿಯಿಂದ ಮದುವೆಯಾಗಿ ಬಂದಾಗ ಅವಳಿಗೆ ಎಲ್ಲ ಕಬ್ಬಿಣವೂ ಒಂದೇ. ದಶರಥನಿಗೆ ಮಾತು ಕಡಿಮೆ. ಆದರೂ ಮೊದಲ ವಾರವೇ ಮೂರು ತುಂಡು ಅವಳ ಮುಂದಿಟ್ಟಿದ್ದ. ಒಂದು ಹಳೆಯ ಪಂಪಿನ ಬೀಡು ಕಬ್ಬಿಣ. "ಇದರ ತಲಿ ಮ್ಯಾಲ ಬೇಕಾದಷ್ಟು ಹೇರು, ತಡ್ಕೊಂತದ. ಒಂದು ಏಟು ಹಾಕು, ಒಡೀತದ." ಇನ್ನೊಂದು ಮನೆ ಕಟ್ಟುವ ಕಬ್ಬಿಣದ ಸಳಿ. "ಇದು ಬಾಗ್ತದ, ಮುರಿಯಂಗಿಲ್ಲ. ಆದ್ರ ಕೊಡ್ಲಿ ಮಾಡಿದ್ರ ಅಂಚು ನಿಲ್ಲಂಗಿಲ್ಲ." ಮೂರನೆಯದು ಲಾರಿಯ ಕಮಾನು ಪಟ್ಟಿ. ಅದನ್ನು ಹಿಡಿದಾಗ ಅವನ ಕೈ ಮೆತ್ತಗಾಗುತ್ತಿತ್ತು. "ಇದಕ್ಕ ಎಲ್ಲಾ ನೆನಪಿರ್ತದ. ಕೆಂಪಗ ಕಾಸಿ ಝಟ್ಟನ ಆರಿಸಿದ್ರ ಗಾಜು. ಸಾವಕಾಶ ಆರಿಸಿದ್ರ ಹೇಳ್ದಂಗ ಕೇಳ್ತದ."

ಸಾವಕಾಶ ಆರಿಸುವುದೆಂದರೆ ಬೂದಿ. ಕುಲುಮೆಯ ಪಕ್ಕ ಒಂದು ಗುಂಡಿ ಇತ್ತು. ಒಲೆಯ ಬೂದಿಯನ್ನು ಪಾತ್ರೆ ತಿಕ್ಕಲೂ ಅವನು ಬಿಡುತ್ತಿರಲಿಲ್ಲ. ಜರಡಿ ಹಿಡಿದು ಆ ಗುಂಡಿಗೇ ಸುರಿಯಬೇಕು. "ನಿನ್ನ ಗಂಡ ಬೂದಿಗೂ ಕೀಲಿ ಹಾಕ್ತಾನಂತಲ್ಲ ಬೇ!" ಎಂದು ಓಣಿಯ ಹೆಂಗಸರು ನಗುತ್ತಿದ್ದರು. ಇಪ್ಪತ್ತೆರಡು ವರ್ಷ ಅವಳು ಬೂದಿ ಸೋಸಿದಳು, ತಿದಿ ಒತ್ತಿದಳು, ಸುತ್ತಿಗೆ ಬೀಸಿದಳು. ಕಬ್ಬಿಣದ ಮುಂದೆ ಅವನು ಎಂದೂ ಸೋತವನಲ್ಲ. ದೊಡ್ಡವರ ಮುಂದೆ ಮಾತ್ರ ಅವನ ನಾಲಿಗೆ ಏಳುತ್ತಿರಲಿಲ್ಲ. ಅದೊಂದು ಕೆಟ್ಟ ಗುಣ ಅವನಲ್ಲಿತ್ತು.

ಅವನು ಸತ್ತ ದಿನ ತೊಗರಿ ರಾಶಿ ಮುಗಿದಿತ್ತು. ಶಂಕರಲಿಂಗ ಗೌಡನ ಟ್ರಾಲಿಯನ್ನು ಟ್ರ್ಯಾಕ್ಟರಿಗೆ ಸಿಕ್ಕಿಸುವ ಕೊಂಡಿ ಸವೆದಿತ್ತು. "ಲಾರಿ ಪಟ್ಟಿ ಹಾಕಿ ಗಟ್ಟಿ ಮಾಡಲೇ" ಎಂದ ಗೌಡ. ದಶರಥ ಹಳೆಯ ಕೊಂಡಿ, ಪಟ್ಟಿ ಎರಡನ್ನೂ ಕೆಂಪಗೆ ಕಾಸಿದ, ಬೆಸೆದ, ಮತ್ತೆ ಕಾಸಿ ಬೂದಿಯಲ್ಲಿ ಹೂಳಿದ. "ಸಂಜೀತನಾ ಮುಟ್ಟಬ್ಯಾಡ್ರಿ ಗೌಡ್ರ" ಎಂದು ಹೇಳಿ, ಬೋಲ್ಟ್ ತರಲು ಅಂಗಡಿಗೆ ಹೋದ.

ಗೌಡ ಹೊರಸಿನ ಮೇಲೆ ಕೂತಿದ್ದ. "ಒಂದು ತಂಬಗಿ ನೀರು ಕೊಡು ಬೇ" ಎಂದ. ಬಾಗಿಲಿಗೆ ಬಂದವರು ನೀರು ಕೇಳಿದರೆ ಯಾಕೆಂದು ಯಾರಾದರೂ ಕೇಳುತ್ತಾರೆಯೇ? ಕೊಟ್ಟು ಒಳಗೆ ಹೋದಳು. ಗೌಡ ಎರಡು ಗುಟುಕು ಕುಡಿದ. ಇನ್ನೂ ಕೆಂಪಗಿದ್ದ ಕೊಂಡಿಯನ್ನು ಇಕ್ಕಳದಿಂದ ಬೂದಿಯಿಂದ ಎಳೆದು ಉಳಿದ ನೀರನ್ನು ಅದರ ಮೇಲೆ ಸುರಿದ. ಚುಂಯ್ ಎಂದ ಸಪ್ಪಳಕ್ಕೆ ಅವಳು ಹೊರಗೋಡಿ ಬಂದಳು.

"ಅಯ್ಯ, ಏನ್ ಮಾಡಿದ್ರಿ ಗೌಡ್ರ!"

"ಆರಿಸೀನಿ. ಆಳಂದ ಬಜಾರ ನನ್ನ ಸಲುವಾಗಿ ಕಾಯ್ತದೇನು?"

ದಶರಥ ಬಂದು ಅದರ ಮೇಲೆ ಕಬ್ಬಿಣ ಉಜ್ಜುವ ಅರ ಎಳೆದ. ಅರ ಕಚ್ಚಲಿಲ್ಲ, ಜಾರಿತು. "ಗಾಜಾಗ್ಯಾದ್ರಿ. ಮತ್ತ ಕಾಸಬೇಕು."

"ನಿನ್ನ ಪುರಾಣ ಸಾಕು. ಜೋಡಸಲೇ."

ಜೋಡಿಸಿದ. ಅವಳಿಗೆ ಒಂದು ಮಾತೂ ಅನ್ನಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಒಂದು ದೊಡ್ಡ ಕಲ್ಲು ಎತ್ತಿಕೊಂಡು, "ಏರಿನಾಗ ಗಾಲಿಗೆ ಕೊಡ್ತೀನಿ" ಎಂದು ತೊಗರಿ ತುಂಬಿದ ಟ್ರಾಲಿಯ ಹಿಂದೆ ನಡೆದ. ಹಳ್ಳದ ಏರಿನಲ್ಲಿ ಕೊಂಡಿ ಮುರಿಯಿತು. ಅವನು ಕಲ್ಲು ಕೊಟ್ಟ. ಅಷ್ಟು ಭಾರ ಒಂದು ಕಲ್ಲಿಗೆ ನಿಲ್ಲಲಿಲ್ಲ.

ಸಹಿ ಕೇಳಿದ ಮರುದಿನ ಬಂದೇನವಾಜ ಮುರಿದ ಕೊಂಡಿಯನ್ನು ಗೋಣಿಚೀಲದಲ್ಲಿ ತಂದ. ಗೌಡನೂ ಬಂದ. ಓಣಿಯವರೂ ನೆರೆದರು. ಅದೇ ಲಾರಿ ಪಟ್ಟಿಯಲ್ಲಿ ಉಳಿದದ್ದನ್ನು ಅವಳು ಎರಡು ತುಂಡು ಮಾಡಿಟ್ಟಿದ್ದಳು. ಎರಡನ್ನೂ ಕೆಂಪಗೆ ಕಾಸಿದಳು. ಒಂದನ್ನು ನೀರಿಗೆ ಹಾಕಿದಳು, ಇನ್ನೊಂದನ್ನು ಬೂದಿಯಲ್ಲಿ ಹೂಳಿದಳು.

"ಎಷ್ಟೊತ್ತು ಕೂಡ್ಲಿ ಬೇ?" ಎಂದ ಬಂದೇನವಾಜ.

"ಕೂಡ್ರಿ. ಅವತ್ತ ಗೌಡ್ರು ಕೂಡಲಿಲ್ಲ."

ಬಿಸಿಲು ಇಳಿಯುವವರೆಗೆ ಎಲ್ಲರೂ ಕೂತರು. ಆಮೇಲೆ ನೀರಿನ ತುಂಡನ್ನು ಬಿಗಿಸಿ ಸುತ್ತಿಗೆ ಹಾಕಿದಳು. ಒಂದೇ ಏಟಿಗೆ ಪಟಕ್ಕನೆ ಮುರಿಯಿತು. ಬೂದಿಯದಕ್ಕೆ ಐದು ಏಟು ಹಾಕಿದಳು. ಅದು ಬಾಗಿತು, ಮುರಿಯಲಿಲ್ಲ. ಕೊಂಡಿಯನ್ನು ಎತ್ತಿ ಬಂದೇನವಾಜನ ಕೈಗೆ ಕೊಟ್ಟಳು.

"ಬೆಸಿಗಿ ಎಲ್ಲಿ ಅದ ನೋಡ್ರಿ. ಇಡಿಯಾಗಿ ಅದ. ಮುರಿದದ್ದು ಅದರ ಬಾಜೂಕ ಪಟ್ಟಿ. ಬಾಗದನ ಮುರಿದಾದ, ಈ ನೀರಿನ ತುಂಡಿನಂಗ."

ಅವನು ಕೊಂಡಿಯನ್ನೂ ನೀರಿನ ತುಂಡನ್ನೂ ಪಕ್ಕಪಕ್ಕ ಹಿಡಿದು ನೋಡಿದ. ನಗು ಹೋಗಿತ್ತು. "ಗೌಡ್ರ, ಇದರ ಮ್ಯಾಲ ನೀರು ಯಾರು ಹಾಕಿದ್ರು?"

ಗೌಡ ಟವೆಲ್ ಕೊಡವಿದ. "ನೀರು ಕೊಟ್ಟಾಕಿ ಯಾರು, ಆಕಿನ್ನ ಕೇಳ್ರಿ."

ಓಣಿಯವರು ಒಂದು ಹೆಜ್ಜೆ ಹಿಂದೆ ಸರಿದರು. ಗೌಡನ ಹೊಲಕ್ಕೆ ಕೂಲಿಗೆ ಹೋಗದವರು ಆ ಗುಂಪಿನಲ್ಲಿ ಯಾರಿದ್ದರು?

"ನಾನೇ ಕೊಟ್ಟೀನ್ರಿ" ಎಂದಳು ಶರಣಬಸಮ್ಮ. "ಬರೀರಿ. ಕುಡ್ಯಾಕಂತ ಕೊಟ್ಟೆ, ಅದನ್ನೂ ಬರೀರಿ. ಹಾಕಿದಾಂವನ ಹೆಸರು ಬರ್ಯಾಕ ನಿಮ್ಮ ಪೆನ್ನು ನಡೀಲಿಲ್ಲಂದ್ರ ಬಿಡ್ರಿ. ಬೆಸಿಗಿ ಮುರಿದಿಲ್ಲ ಅಂತ ಮೊದಲ ಬರೀರಿ."

ಬಂದೇನವಾಜ ತಲೆ ಬಗ್ಗಿಸಿ ಹೊಸ ಹಾಳೆಯಲ್ಲಿ ಬರೆದ. ಬೆಸುಗೆ ಸರಿಯಿದ್ದು, ಮೃತನ ಹೆಂಡತಿ ಕೊಟ್ಟ ನೀರು ಕಾದ ಕೊಂಡಿಯ ಮೇಲೆ ಬಿದ್ದ ಕಾರಣ ಅದು ಮುರಿದಿರುತ್ತದೆ. ಅವಳು ಅಕ್ಷರ ಕೂಡಿಸಿ ಎರಡು ಸಲ ಓದಿದಳು. ಕುಡಿಯಲು ಕೊಟ್ಟದ್ದೆಂದು ಇರಲಿಲ್ಲ. ಗೌಡನ ಹೆಸರೂ ಎಲ್ಲೂ ಇರಲಿಲ್ಲ. ಗಂಡನ ತಪ್ಪೂ ಎಲ್ಲೂ ಇರಲಿಲ್ಲ.

ಪೆನ್ನು ಇಸಿದುಕೊಂಡು ಸಹಿ ಮಾಡಿದಳು.