ಡ್ಯಾಡಿಯ ಫೋನಿನ ಕವರು

ಡ್ಯಾಡಿಯ ಫೋನಿನ ಕವರು ಬಿಚ್ಚಿದ ದಿನ ನಾನು ಊಟ ಮಾಡಲಿಲ್ಲ. ಸರಿ, ಮಾಡಿದೆ, ಆದರೆ ಎರಡನೇ ಸಲ ಬಡಿಸಿಕೊಳ್ಳಲಿಲ್ಲ. ನನ್ನ ಹೊಟ್ಟೆಯ ಪರಿಚಯ ಇದ್ದವರಿಗೆ ಇದೆಷ್ಟು ಗಂಭೀರ ವಿಷಯ ಅಂತ ಗೊತ್ತಾಗುತ್ತದೆ.

ಫೋನು ಕಂಪೆನಿಯದ್ದು. ಕುವೈತ್‌ನ ಶುವೈಖ್‌ನಲ್ಲಿ ಗಾಡಿಗಳ ಸ್ಪೇರ್ ಪಾರ್ಟ್ಸ್ ತುಂಬಿದ ಒಂದು ಗೋದಾಮಿದೆ, ಅಲ್ಲಿ ಡ್ಯಾಡಿ ಹದಿನೆಂಟು ವರ್ಷದಿಂದ ಸ್ಟೋರ್ ಕೀಪರ್. ನಾಲ್ಕು ವರ್ಷದ ಹಿಂದೆ ಫೋನು ಕೈಗೆ ಬಂದಾಗ ಆ ಕವರು ಗಾಜಿನ ಹಾಗೆ ಪಾರದರ್ಶಕವಾಗಿತ್ತಂತೆ. ನಾನು ನೋಡುವಾಗ ಅದರ ಬಣ್ಣ ಮೂರು ವಾರ ಬಂಗುಡೆ ಕಾಯಿಸಿದ ಎಣ್ಣೆಯದ್ದು. ಅಂಚಿನಲ್ಲಿ ಕಪ್ಪು ಗ್ರೀಸಿನ ಗೆರೆ. ಚಾರ್ಜರ್ ಚುಚ್ಚುವ ತೂತಿನಲ್ಲಿ ಖುಬ್ಸ್ ರೊಟ್ಟಿಯ ಹುಡಿ, ಒಂದು ಎಳ್ಳು ಕಾಳು, ಮತ್ತೆ ಯಾವ ಪ್ರಾಣಿಯದ್ದೋ ಒಂದು ಕಾಲು. ಕಿವಿಗೆ ಹಿಡಿಯುವ ಜಾಗದ ಸಣ್ಣ ಜಾಲರಿಯಲ್ಲಿ ಏನಿತ್ತು ಅಂತ ನಾನು ಹೇಳುವುದಿಲ್ಲ. ನೀವು ಊಟಕ್ಕೆ ಮುಂಚೆ ಓದುತ್ತಿರಬಹುದು. ಒಂದು ಹಲ್ಲುಕಡ್ಡಿಯಿಂದ ಅದನ್ನು ಕೆರೆದು ತೆಗೆದು ಮೇಜಿನ ಮೇಲಿಟ್ಟಿದ್ದೆ. ಅದೇ ಕಡ್ಡಿಯನ್ನು ಡ್ಯಾಡಿ ಊಟ ಆದ ಮೇಲೆ ಎತ್ತಿಕೊಂಡರು. ನಾನು ಬಾಯಿ ತೆರೆಯುವಷ್ಟರಲ್ಲಿ ಅವರೂ ಬಾಯಿ ತೆರೆದಿದ್ದರು. ಇನ್ನೇನು ಹೇಳುವುದು.

ಫೋನು ವಾಪಸ್ ಕೊಡಬೇಕಾಗಿದ್ದದ್ದು ಡ್ಯಾಡಿಗೆ ಬೇರೆ ಕಂಪೆನಿಯಲ್ಲಿ ಕೆಲಸ ಸಿಕ್ಕಿದ್ದರಿಂದ. ಕುವೈತ್‌ನಲ್ಲಿ ಕೆಲಸ ಬದಲಿಸುವುದು ಅಂಗಿ ಬದಲಿಸಿದಷ್ಟು ಸುಲಭವಲ್ಲ. ಹಳೆ ಕಂಪೆನಿ ರಿಲೀಸ್ ಕಾಗದಕ್ಕೆ ಸಹಿ ಹಾಕಬೇಕು, ಆ ಕಾಗದ ತೋರಿಸಿದರೆ ಮಾತ್ರ ಹೊಸ ಕಂಪೆನಿ ಇಕಾಮಾ ಮಾಡಿಸುತ್ತದೆ, ಇಕಾಮಾ ಇದ್ದರೆ ಮಾತ್ರ ನಾವು ಈ ದೇಶದಲ್ಲಿ ಇರಬಹುದು. ಹಳೆ ಕಂಪೆನಿಯ ಮ್ಯಾನೇಜರ್ ಗುರುವಾರ ಮಧ್ಯಾಹ್ನ ಹನ್ನೆರಡಕ್ಕೆ ಆಫೀಸಿನಿಂದ ಎದ್ದು ಒಂದು ತಿಂಗಳ ರಜೆಗೆ ಹೊರಡುವವರಿದ್ದರು. ಹೊಸ ಕಂಪೆನಿ ಭಾನುವಾರದ ತನಕ ಮಾತ್ರ ಕಾಯುತ್ತೇವೆ ಅಂದಿತ್ತು. ನಡುವೆ ಶುಕ್ರವಾರ, ಶನಿವಾರ ರಜೆ. ಹಳೆ ಕೆಲಸಕ್ಕೆ ರಾಜೀನಾಮೆ ಕೊಟ್ಟಾಗಿತ್ತು. ಅಂದರೆ ಗುರುವಾರ ಸಹಿ ಬೀಳದಿದ್ದರೆ ಡ್ಯಾಡಿ, ಮಮ್ಮಿ, ನಾನು ಮೂವರೂ ಮಂಗಫ್‌ನ ಫ್ಲ್ಯಾಟು ಖಾಲಿ ಮಾಡಿ ಊರಿಗೆ ಹೊರಡಬೇಕು, ಅದೂ ನನ್ನ ಹನ್ನೆರಡನೇ ಕ್ಲಾಸು ಅರ್ಧದಲ್ಲಿರುವಾಗ.

ಸಹಿಗೆ ಮ್ಯಾನೇಜರ್ ಹಾಕಿದ ಷರತ್ತು ಒಂದೇ. ಗೋದಾಮಿನ ಬೀಗದ ಕೈ, ಗುರುತಿನ ಕಾರ್ಡು, ಫೋನು ಮೂರೂ ಮೇಜಿನ ಮೇಲೆ ಬರಬೇಕು, ಫೋನು ಅಂಗಡಿಯಿಂದ ತಂದ ಹಾಗೆ ಖಾಲಿ ಇರಬೇಕು. ಖಾಲಿ ಮಾಡುವ ಅರ್ಜೆಂಟು ಮ್ಯಾನೇಜರಿಗಿಂತ ಡ್ಯಾಡಿಗೇ ಹೆಚ್ಚಿತ್ತು. ಮ್ಯಾನೇಜರಿಗೆ ಪ್ರತಿ ಮಾತಿಗೂ ಮೊದಲು ಗಂಟಲಿನ ತಳದಿಂದ ಕಫ ಎಳೆಯುವ ಅಭ್ಯಾಸ. ಡ್ಯಾಡಿ ಅದನ್ನು ಎಷ್ಟು ಚೆನ್ನಾಗಿ ಅನುಕರಿಸುತ್ತಾರೆಂದರೆ, ಗೋದಾಮಿನ ಗೆಳೆಯರಿಗೆ ನಾಲ್ಕು ವರ್ಷ ವಾರಕ್ಕೆರಡು ವಾಯ್ಸ್ ಮೆಸೇಜು ಕಳಿಸಿದ್ದಾರೆ. ನಾನು ಹತ್ತು ಕೇಳಿದೆ. ಹನ್ನೊಂದನೆಯದ್ದು ಕೇಳುವಾಗ ಹಾಲು ಕುಡಿಯುತ್ತಿದ್ದೆ, ಆ ಹಾಲು ಇವತ್ತಿಗೂ ಒಳಗೆ ಹೋಗಿಲ್ಲ.

ಬುಧವಾರ ಸಂಜೆ ನಾನು ಫೋನು ತೊಳೆಯುವ ಕೆಲಸಕ್ಕೆ ಕೂತೆ. ಕೈಗೆ ಮಮ್ಮಿಯ ಪಾತ್ರೆ ತೊಳೆಯುವ ಗ್ಲೌಸು, ಮೂಗಿಗೆ ಮಾಸ್ಕು. ಕವರು ಸಲೀಸಾಗಿ ಬರಲಿಲ್ಲ, ಚ್ಯುಪ್ ಅಂತ ಎದ್ದು ಬಂತು. ಒಳಗೆ ಸಂತ ಅಂತೋನಿಯ ಒಂದು ಚಿತ್ರವಿತ್ತು, ಬೆವರಿನಿಂದ ಅಂತೋನಿಯ ಮುಖ ಕರಗಿ ಮಡಿಲಿನ ಮಗುವಿಗೆ ಗಡ್ಡ ಬಂದಿತ್ತು. ಅದಕ್ಕೆ ಅಂಟಿಕೊಂಡು ನಾಲ್ಕು ಮಡಿಕೆಯ, ಎಣ್ಣೆ ಕುಡಿದ, ಕಂದು ಬಣ್ಣದ ಒಂದು ಕಾಗದ. ಬಿಚ್ಚಿ ನೋಡುವ ಧೈರ್ಯ ಯಾರಿಗಿರುತ್ತದೆ? ಚಿತ್ರ ಮಾತ್ರ ಎಳೆದು ಮಮ್ಮಿಯ ಕೈಗೆ ಕೊಟ್ಟೆ, ದೇವರ ವಿಷಯದಲ್ಲಿ ನಾನು ರಿಸ್ಕು ತೆಗೆದುಕೊಳ್ಳುವುದಿಲ್ಲ. ಉಳಿದದ್ದನ್ನೆಲ್ಲ ಎರಡು ಬೆರಳಿನಲ್ಲಿ ಹಿಡಿದು, ಗ್ಲೌಸಿನ ಸಮೇತ ಒಂದು ನೀಲಿ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಗಂಟು ಕಟ್ಟಿ, ಲಿಫ್ಟಿನ ಪಕ್ಕ ಇರುವ ಕಸದ ಕಿಂಡಿಗೆ ತಳ್ಳಿದೆ. ನಾವಿರುವುದು ಎಂಟನೇ ಮಹಡಿ. ಚೀಲ ಕೆಳಗಿನ ಕಸದ ಕೋಣೆಗೆ ಬಿದ್ದ ಶಬ್ದ ಕೇಳುವ ತನಕ ನಿಂತು, ಕೈ ತೊಳೆದೆ. ಮೂರು ಸಲ.

ಗುರುವಾರ ಬೆಳಿಗ್ಗೆ ಎಂಟಕ್ಕೆ ರಿಸೆಟ್. ಸೆಟ್ಟಿಂಗಿಗೆ ಹೋಗಿ, ಎಲ್ಲ ಅಳಿಸು ಅಂತ ಇರುವುದನ್ನು ಒತ್ತಿದರೆ ಮುಗಿಯಿತು, ಅದನ್ನು ಮಮ್ಮಿಯೂ ಮಾಡಿಯಾಳು. ಆದರೆ ನಾನು ಮಾಡುವ ಕೆಲಸ ಮಮ್ಮಿ ಮಾಡುವ ಹಾಗಿದ್ದರೆ ನಾನು ಯಾಕೆ? ಪವರ್ ಬಟನ್ನು, ವಾಲ್ಯೂಮ್ ಬಟನ್ನು ಒಟ್ಟಿಗೆ ಒತ್ತಿ ಹಿಡಿದರೆ ಕಪ್ಪು ಸ್ಕ್ರೀನಿನ ಮೇಲೆ ಸಣ್ಣ ಅಕ್ಷರಗಳ ಒಂದು ಗುಪ್ತ ಮೆನು ಬರುತ್ತದೆ. ನೋಡುವವರಿಗೆ ಉಪಗ್ರಹ ಹಾರಿಸುವ ಹಾಗೆ ಕಾಣುತ್ತದೆ. ಡ್ಯಾಡಿ, ಮಮ್ಮಿ ಇಬ್ಬರನ್ನೂ ಎದುರು ಕೂರಿಸಿ ಹಾಗೇ ಮಾಡಿದೆ. ಮಮ್ಮಿ ಚಹಾ ಕುಡಿಯುವುದನ್ನು ನಿಲ್ಲಿಸಿ ನೋಡಿದಳು. ನಾನು ತಣ್ಣಗೆ, ಆಯ್ತು, ಅಂದೆ.

ಫೋನು ಎದ್ದಿತು, ಭಾಷೆ ಕೇಳಿತು, ವೈಫೈ ಕೇಳಿತು. ಆಮೇಲೆ, ಈ ಫೋನಿನಲ್ಲಿ ಮೊದಲು ಇದ್ದ ಅಕೌಂಟಿನ ಪಾಸ್‌ವರ್ಡು ಹಾಕು ಅಂತ ಹೇಳಿ ಕೂತುಬಿಟ್ಟಿತು. ಹಿಂದೆ ಹೋಗುವುದಿಲ್ಲ, ಮುಂದೆ ಹೋಗುವುದಿಲ್ಲ. ಕದ್ದವರು ಬಳಸಬಾರದು ಅಂತ ಮಾಡಿದ ಬೀಗ ಅದು. ಸೆಟ್ಟಿಂಗಿನಿಂದ ಅಳಿಸಿದರೆ ಬೀಗವೂ ಹೋಗುತ್ತದೆ. ಕಳ್ಳರು ಬಳಸುವ ಗುಪ್ತ ಮೆನುವಿನಿಂದ ಅಳಿಸಿದರೆ ಫೋನು ನಮ್ಮನ್ನೂ ಕಳ್ಳರು ಅಂತಲೇ ತಿಳಿಯುತ್ತದೆ.

ಆ ಅಕೌಂಟು ಮಾಡಿಕೊಟ್ಟವನು ನಾನೇ, ಹದಿಮೂರು ವರ್ಷದವನಿದ್ದಾಗ. ಪಾಸ್‌ವರ್ಡು ನನ್ನ ಬಗ್ಗೆಯೇ ಇತ್ತು ಅಂತ ನೆನಪಿತ್ತು. ತೊಂದರೆ ಏನೆಂದರೆ ನನ್ನಲ್ಲಿ ಒಳ್ಳೆಯ ಗುಣಗಳು ಬಹಳ, ಅವುಗಳಲ್ಲಿ ಯಾವುದು ಅಂತ ನೆನಪಿರಲಿಲ್ಲ. ಸೂಪರ್, ಕಿಂಗ್, ಬಾಸ್, ಹ್ಯಾಂಡ್‌ಸಮ್, ಎಲ್ಲ ಹಾಕಿ ನೋಡಿದೆ. ಫೋನು ಯಾವುದನ್ನೂ ಒಪ್ಪಲಿಲ್ಲ.

ನಮ್ಮ ಮನೆಯ ಮಾತು ಕೊಂಕಣಿ. ಡ್ಯಾಡಿ ಓದಿದ್ದು ಕನ್ನಡ ಶಾಲೆಯಲ್ಲಿ, ಹಾಗಾಗಿ ಅವರಿಗೆ ಸಿಟ್ಟೋ ಹೆದರಿಕೆಯೋ ಬಂದರೆ ಕನ್ನಡ ಬರುತ್ತದೆ, ಬಂದ ಮೇಲೆ ಆ ದಿನ ಪೂರ್ತಿ ಹೋಗುವುದಿಲ್ಲ.

"ಎಂತ ಆಯ್ತು ಮಾರಾಯಾ?" ಅಂತ ಕೇಳಿದರು.

ನಾನು ಕಣ್ಣು ಮಿಟುಕಿಸದೆ, ಫೋನು ಹಳತಲ್ಲವಾ, ಒಮ್ಮೊಮ್ಮೆ ಹೀಗೆ ಮಾಡುತ್ತದೆ, ಅಂದೆ.

ಡ್ಯಾಡಿ ಮಮ್ಮಿಯ ಕಡೆ ತಿರುಗಿ ಮೆಲ್ಲಗೆ ಹೇಳಿದರು, "ನಾನೇ ಎಂತದೋ ಒತ್ತಿರ್ಬೇಕು. ಅವನಿಗೆ ಎಂತದೂ ಹೇಳ್ಬೇಡ."

ಜಾಲರಿಯಿಂದ ತೆಗೆದದ್ದನ್ನು ನೋಡಿದಾಗ ನನಗೆ ಆದ ಅಸಹ್ಯಕ್ಕೆ ಒಂದು ಅಳತೆ ಇತ್ತು. ಈ ಮಾತು ಕೇಳಿ ಆದದ್ದು ಅದಕ್ಕಿಂತ ಹೆಚ್ಚು, ಮತ್ತು ಅದು ಫೋನಿನ ಮೇಲೆ ಆದದ್ದಲ್ಲ. ಆದರೂ ನಾನು ನಿಜ ಹೇಳಲಿಲ್ಲ. ಗಂಟೆ ಆಗ ಒಂಬತ್ತು. ಹನ್ನೊಂದಕ್ಕಾದರೂ ಶುವೈಖ್‌ಗೆ ಹೊರಡಬೇಕಿತ್ತು.

ಉಳಿದದ್ದು ಒಂದೇ ದಾರಿ, ನನ್ನ ಲ್ಯಾಪ್‌ಟಾಪಿನಿಂದ, ಅಕೌಂಟಿಗೆ ಕೊಟ್ಟ ಮೊಬೈಲ್ ನಂಬರಿಗೆ ಕೋಡು ತರಿಸುವುದು. ಇಲ್ಲಿ ಹದಿನೆಂಟು ವರ್ಷ ಇದ್ದರೂ ಡ್ಯಾಡಿಗೆ ಇಲ್ಲಿಯ ನಂಬರಿನ ಮೇಲೆ ನಂಬಿಕೆ ಇಲ್ಲ. ಯಾವ ಫಾರ್ಮು ತುಂಬಿದರೂ ಪರ್ಮನೆಂಟ್ ಅಂತ ಕಂಡಲ್ಲಿ ಊರಿನದ್ದೇ ಹಾಕುವುದು, ವಿಳಾಸವಾದರೂ ಸರಿ, ನಂಬರಾದರೂ ಸರಿ. ನಮ್ಮ ಬಿಲ್ಡಿಂಗಿನಲ್ಲಿ ಎಲ್ಲ ಅಂಕಲ್‌ಗಳೂ ಹಾಗೆಯೇ. ಹಾಗಾಗಿ ಕೋಡು ಹೋದದ್ದು ಊರಿನ ಸಿಮ್ಮಿಗೆ. ಆ ಸಿಮ್ಮು ಇರುವುದು ಡ್ಯಾಡಿಯ ತಮ್ಮ, ನಮ್ಮ ಬಾಪುವಿನ ಹತ್ತಿರ. ಬಾಪುವಿಗೆ ಬಂಟ್ವಾಳದಲ್ಲಿ ಕೋಳಿ ಅಂಗಡಿ.

ಅವರ ಇನ್ನೊಂದು ಫೋನಿಗೆ ವಿಡಿಯೋ ಕಾಲ್ ಮಾಡಿದಾಗ ಮೊದಲು ಕಂಡದ್ದು ಬಾಪು ಅಲ್ಲ, ತಲೆ ಇಲ್ಲದ ಒಂದು ಕೋಳಿ. ಊರಿನ ಸಿಮ್ಮು ಹಾಕಿದ ಹಳೆ ಫೋನು ಪ್ಲಾಸ್ಟಿಕ್ ಕೊಟ್ಟೆಯೊಳಗೆ ಮೊಳೆಗೆ ನೇತಾಡುತ್ತಿತ್ತು, ಕೊಟ್ಟೆಯ ಮೇಲೆ ಒಣಗಿದ ರಕ್ತ, ಅದರ ಮೇಲೆ ಒಂದು ಪುಕ್ಕ. ಕೋಡು ಬಂತು, ಆದರೆ ಗಿರಾಕಿಯೂ ಬಂದರು. ಬಾಪು ಗಿರಾಕಿಗೆ ಚರ್ಮ ಬೇಕಾ ಬೇಡವಾ ಅಂತ ಕೇಳಿ, ಕತ್ತರಿಸಿ ಕೊಟ್ಟು, ಬೆರಳಿನಿಂದ ಕರುಳಿನ ಒಂದು ತುಂಡನ್ನು ಕೊಡವಿ, ಫೋನು ತೆಗೆದು, ಮೇಲಿನಿಂದ ಓದಲಿಕ್ಕೆ ಶುರು ಮಾಡಿದರು. ಮೊದಲು ರೀಚಾರ್ಜ್ ಆಫರು. ಆಮೇಲೆ ಇನ್ನೊಂದು ಆಫರು. ಕೋಡಿನ ಹತ್ತಿರ ಬರುವಾಗ ಅದರ ಟೈಮು ಮುಗಿದಿತ್ತು. ಹೀಗೆ ನಾಲ್ಕು ಸಲ, ನಾಲ್ಕು ಕೋಳಿ. ಐದನೇ ಸಲಕ್ಕೆ ಲ್ಯಾಪ್‌ಟಾಪು, ಬಹಳ ಸಲ ಪ್ರಯತ್ನಿಸಿದ್ದೀರಿ, ನಾಳೆ ಬನ್ನಿ, ಅಂದಿತು.

ನಾಳೆ ಶುಕ್ರವಾರ. ಡ್ಯಾಡಿ ಸೋಫಾದ ತುದಿಯಲ್ಲಿ ಕೂತು ಎರಡು ಕೈಯಿಂದ ಮುಖ ಒರೆಸಿಕೊಂಡರು. ಒಮ್ಮೆಲೇ ತಲೆ ಎತ್ತಿದರು.

"ಪಾಸ್‌ವರ್ಡು ನಾನು ಬರೆದು ಇಟ್ಟಿದ್ದೆ ಅಲ್ವಾ? ನೀನು ಅಕೌಂಟ್ ಮಾಡಿ ಕೊಟ್ಟ ದಿನವೇ. ಕವರಿನ ಒಳಗೆ ಉಂಟು ನೋಡು."

ನನ್ನ ಮುಖ ನೋಡಿ ಮಮ್ಮಿಗೆ ಎಲ್ಲ ಅರ್ಥವಾಯಿತು. ಅವಳು ಒಳಗೆ ಹೋಗಿ ಹೊಸ ಗ್ಲೌಸು ತಂದು ಕೊಟ್ಟಳು. ಒಂದೇ ಇತ್ತು, ಎಡಗೈಯದ್ದು.

ಕಸದ ಕೋಣೆ ನೆಲಮಹಡಿಯಲ್ಲಿ, ಹಿಂದುಗಡೆ. ಹೊರಗೆ ಜುಲೈ ತಿಂಗಳ ಬಿಸಿಲು. ಒಳಗೆ ಎಂಟು ಮಹಡಿಗಳ, ಮೂವತ್ತೆರಡು ಫ್ಲ್ಯಾಟುಗಳ ಊಟ ಬೇಯುತ್ತಿತ್ತು, ಎರಡನೇ ಸಲ. ಬಿಲ್ಡಿಂಗಿನ ಕಾವಲುಗಾರ, ಎಲ್ಲರೂ ಹಾರಿಸ್ ಅಂತ ಕರೆಯುವವನು, ಬಾಗಿಲು ತೆರೆದು ತಾನೇ ನಾಲ್ಕು ಹೆಜ್ಜೆ ಹಿಂದೆ ಹೋದ. ಕಸದ ಲಾರಿ ಹತ್ತೂವರೆಗೆ ಬರುತ್ತದೆ ಅಂದ. ಗಂಟೆ ಹತ್ತು ದಾಟಿತ್ತು.

"ಕ್ಯಾ ಗಿರಾ ಭಾಯಿ, ಸೋನಾ?" ಅಂತ ಕೇಳಿದ.

ಚಿನ್ನ ಅಲ್ಲ, ಫೋನಿನ ಕವರು ಅಂತ ಹೇಳಿದಾಗ ಅವನು ನನ್ನನ್ನು ನೋಡಿದ ನೋಟ ಇದೆಯಲ್ಲ, ಅದನ್ನು ನಾನು ಯಾವ ಶತ್ರುವಿಗೂ ಬಯಸುವುದಿಲ್ಲ.

ನೀಲಿ ಚೀಲ ಹುಡುಕುವುದು ಸುಲಭ ಅಂದುಕೊಂಡಿದ್ದೆ. ಇಡೀ ಬಿಲ್ಡಿಂಗು ಒಂದೇ ಬಕಾಲಾದಿಂದ ಸಾಮಾನು ತರುವುದು, ಆ ಅಂಗಡಿಯ ಚೀಲಗಳೆಲ್ಲ ನೀಲಿ. ಮೊದಲ ಚೀಲದಲ್ಲಿ ಸಿಗಡಿ ಸಿಪ್ಪೆ. ಎರಡನೆಯದ್ದರಲ್ಲಿ ಮಗುವಿನ ಡೈಪರು, ಒಂದಲ್ಲ, ಒಂದು ವಾರದ್ದು, ಆ ಮಗುವನ್ನು ನಾನು ಲಿಫ್ಟಿನಲ್ಲಿ ಮುದ್ದು ಮಾಡಿದ್ದೆ, ಇನ್ನು ಮಾಡುವುದಿಲ್ಲ. ಮೂರನೆಯದ್ದರಲ್ಲಿ ಹುಳಿ ಬಂದ ಸಾಂಬಾರು, ಅದು ಗ್ಲೌಸು ಇಲ್ಲದ ಕೈಯ ಬೆರಳುಗಳ ನಡುವೆ ಬೆಚ್ಚಗೆ ಇಳಿಯಿತು. ಒಂದು ಚೀಲ ತನ್ನಷ್ಟಕ್ಕೆ ಅಲುಗಾಡಿತು, ಅದನ್ನು ನಾನು ಮುಟ್ಟಲಿಲ್ಲ. ಹನ್ನೆರಡು ಸಾವಿರ ಚೀಲ ಬಿಚ್ಚಿರಬೇಕು. ಹಾರಿಸನನ್ನು ಕೇಳಿದರೆ ಇಪ್ಪತ್ತು ಅನ್ನುತ್ತಾನೆ.

ಪಕ್ಕದಲ್ಲಿ ಯಾರೋ ಬಗ್ಗಿದ್ದು ಕಂಡಿತು. ಡ್ಯಾಡಿ. ಆಫೀಸಿಗೆ ಅಂತ ಇಸ್ತ್ರಿ ಮಾಡಿದ ಬಿಳಿ ಅಂಗಿಯ ತೋಳನ್ನು ಮೊಣಕೈ ತನಕ ಮಡಚಿ, ಬರಿಗೈಯಲ್ಲಿ, ಸ್ಟೋರಿನಲ್ಲಿ ಬೋಲ್ಟು ನಟ್ಟು ವಿಂಗಡಿಸುವ ಹಾಗೆ ಚೀಲಗಳನ್ನು ವಿಂಗಡಿಸುತ್ತಿದ್ದರು. ಗಂಟು ನೋಡಿಯೇ ನಮ್ಮದು ಯಾವುದು ಅಂತ ಅವರಿಗೆ ಗೊತ್ತಾಯಿತು. ಅವರೇ ಕಲಿಸಿದ ಗಂಟು ಅದು.

ಕಾಗದ ಇತ್ತು. ಅಲ್ಲಿಯೇ ಗೋಡೆಗೆ ಒರಗಿ ನಿಂತು ಡ್ಯಾಡಿ ಅದನ್ನು ಬಿಚ್ಚಿದರು. ನಾಲ್ಕು ವರ್ಷದ ಗ್ರೀಸಿನ ಅಡಿಯಲ್ಲಿ ಅವರ ದಪ್ಪ ಇಂಗ್ಲಿಷ್ ಅಕ್ಷರಗಳು ಹಾಗೇ ಇದ್ದವು. ನಾನು ಜೇಬಿನಿಂದ ಫೋನು ತೆಗೆದು, ನನ್ನ ಮೊಬೈಲಿನ ಹಾಟ್‌ಸ್ಪಾಟಿಗೆ ಸೇರಿಸಿ, ಡೈಪರು ಮುಟ್ಟಿದ ಬೆರಳನ್ನು ತೊಳೆದ ಸ್ಕ್ರೀನಿನ ಮೇಲಿಟ್ಟೆ. ಅವರು ಒಂದೊಂದೇ ಅಕ್ಷರ ಓದಿದರು, ಬಿಲ್ಲಿನ ಸಾಮಾನು ಕೂಗಿ ಹೇಳುವ ಸ್ವರದಲ್ಲಿ. ಎಂ, ವೈ. ಎಸ್, ಓ, ಎನ್. ಐ, ಎಸ್. ಅಷ್ಟಾಗುವಾಗ ಮುಂದಿನದ್ದು ನನಗೆ ನೆನಪಾಯಿತು, ಆದರೆ ಅವರು ನಿಲ್ಲಿಸಲಿಲ್ಲ. ಜಿ, ಇ, ಎನ್, ಐ, ಯು, ಎಸ್. ಹಾರಿಸನಿಗೂ ಇಂಗ್ಲಿಷ್ ಬರುತ್ತಿತ್ತು ಅನ್ನುವುದು ಅವನ ನಗುವಿನಿಂದ ತಿಳಿಯಿತು.

ಬೀಗ ತೆರೆಯಿತು. ಈ ಸಲ ಸೆಟ್ಟಿಂಗಿಗೆ ಹೋಗಿ, ಮಮ್ಮಿ ಮಾಡುವ ಹಾಗೆ, ಅಕೌಂಟು ತೆಗೆದು ಎಲ್ಲ ಅಳಿಸಿದೆ. ಮೇಲೆ ಹೋಗಿ ಸ್ನಾನ ಮಾಡುವಷ್ಟು ಟೈಮು ಇರಲಿಲ್ಲ. ಕೈ ತೊಳೆದು ಹಾಗೇ ಹೊರಟೆವು. ಕಾರಿನಲ್ಲಿ ಎಸಿ ಹಾಕಿದರೆ ವಾಸನೆ ಸುತ್ತುತ್ತದೆ, ಕಿಟಕಿ ತೆರೆದರೆ ಬೆಂಕಿಗಾಳಿ. ಡ್ಯಾಡಿ ಕಿಟಕಿ ತೆರೆದರು.

ಅರ್ಧ ದಾರಿ ಆದ ಮೇಲೆ ರಸ್ತೆಯನ್ನೇ ನೋಡುತ್ತಾ, "ಸೆಟ್ಟಿಂಗಲ್ಲಿ ಒಂದು ಉಂಟಲ್ವಾ, ಎಲ್ಲ ಅಳಿಸ್ಲಿಕ್ಕೆ," ಅಂದರು. "ಬೆಳಿಗ್ಗೆಯೇ ಅದನ್ನು ಒತ್ತಿದ್ರೆ ಸಾಕಿತ್ತಾ?"

ಸಾಕಿತ್ತು, ಅಂದೆ.

"ಹಾಂ," ಅಂದರು. ಅಷ್ಟೇ.

ಹನ್ನೆರಡಕ್ಕೆ ಹತ್ತು ನಿಮಿಷ ಇರುವಾಗ ಮ್ಯಾನೇಜರಿನ ಮೇಜಿನ ಮೇಲೆ ಬೀಗದ ಕೈ, ಕಾರ್ಡು, ಫೋನು ಮೂರನ್ನೂ ಇಟ್ಟು ನಿಂತೆವು. ಅವರು ಮಾತಾಡುವ ಮೊದಲು ಗಂಟಲಿನ ತಳದಿಂದ ಎಳೆದರು. ವಾಯ್ಸ್ ಮೆಸೇಜಿನಲ್ಲಿ ಇದ್ದದ್ದೇ, ಒಂದು ಚೂರೂ ಹೆಚ್ಚುಕಡಿಮೆ ಇಲ್ಲ. ನನ್ನ ಮೂಗಿನಿಂದ ಒಂದು ಶಬ್ದ ಬಂತು. ಡ್ಯಾಡಿ ನನ್ನ ಕಾಲು ತುಳಿದರು. ಮ್ಯಾನೇಜರ್ ಗಾಳಿ ಮೂಸಿ, ನನ್ನನ್ನು ನೋಡಿ, ಕುರ್ಚಿಯನ್ನು ಹಿಂದೆ ಸರಿಸಿಕೊಂಡು, ಟಿಶ್ಯೂ ಪೇಪರಿನಲ್ಲಿ ಫೋನು ಎತ್ತಿದರು. ಈಗ ಆನ್ ಮಾಡುತ್ತಾರೆ ಅಂತ ನಾನು ಎದೆ ಉಬ್ಬಿಸಿ ನಿಂತೆ. ಆನ್ ಮಾಡಲೇ ಇಲ್ಲ. ಕೆಳಗಿನ ಡ್ರಾಯರ್ ಎಳೆದು ಒಳಗೆ ಹಾಕಿದರು. ಅಲ್ಲಿ ಅಂಥವೇ ಇಪ್ಪತ್ತು ಮೂವತ್ತು ಫೋನು ಒಂದರ ಮೇಲೊಂದು ಬಿದ್ದಿದ್ದವು, ಎಲ್ಲವೂ ಕವರು ಸಮೇತ, ಬಂಗುಡೆ ಎಣ್ಣೆಯ ಬಣ್ಣದ ಕವರು. ಸಹಿ ಹಾಕಿ ಕಾಗದ ತಳ್ಳಿ, ಖಲಾಸ್, ಅಂದರು.

ಡ್ಯಾಡಿ ಕಾಗದವನ್ನು ಎರಡು ಸಲ ಓದಿ ಅಂಗಿಯ ಜೇಬಿನಲ್ಲಿಟ್ಟರು. ಲಿಫ್ಟಿನಲ್ಲಿ ಇಳಿಯುವಾಗ ಅದು ಅಲ್ಲೇ ಇದೆಯಾ ಅಂತ ಮೂರು ಸಲ ಜೇಬು ಮುಟ್ಟಿ ನೋಡಿಕೊಂಡರು, ನಾನು ನೋಡದ ಹಾಗೆ ಮಾಡಿದೆ.

ಮನೆಗೆ ಬಂದು ಅರ್ಧ ಸೋಪು ಮುಗಿಸಿ ಸ್ನಾನ ಮಾಡಿ ಹೊರಗೆ ಬಂದೆ. ಅಡುಗೆಮನೆಯಲ್ಲಿ, ನಾನು ನೀರು ಕುಡಿಯುವ ಗ್ಲಾಸಿನ ಪಕ್ಕದಲ್ಲಿ, ಕಸದ ಕೋಣೆಯಿಂದ ಡ್ಯಾಡಿ ಪ್ಯಾಂಟಿನ ಜೇಬಿನಲ್ಲಿ ತಂದಿದ್ದ ಆ ಕವರು ಒಣಗುತ್ತಿತ್ತು. ಅದರ ಮೇಲೆ ಕಾಗದ, ಹಾರದ ಹಾಗೆ ಒಂದು ಚಮಚದ ಭಾರ ಬೇರೆ.

ಇದು ಯಾಕೆ, ಅಂತ ಕೇಳಿದೆ.

"ಹೊಸ ಕಂಪೆನಿಯವರೂ ಫೋನು ಕೊಡ್ತಾರಂತೆ," ಅಂದರು ಡ್ಯಾಡಿ. "ಅದೇ ಸೈಜು ಇದ್ರೆ ಇದೇ ಹಾಕುವ. ತೊಳೆದು ಆಗಿದೆ ಅಲ್ವಾ."

ನಾನು ಮೂಸಿ ನೋಡಿದೆ. ಆಗಿರಲಿಲ್ಲ.