ಮುನಿರಾಜುವಿನ ಬಲ ಪಕ್ಕೆ

ಮುನಿರಾಜುವಿನ ಪಕ್ಕೆಲುಬಿಗೆ ಮೊದಲೇ ಪೆಟ್ಟಾಗಿದೆ ಎಂಬುದು ನನಗೆ ಗೊತ್ತಿತ್ತು. ಗೊತ್ತಿದ್ದೇ ಅಲ್ಲಿಗೆ ಹೊಡೆದೆ. ನಾನು ರಾಜ್ಯ ಚಾಂಪಿಯನ್ ಆದದ್ದು ಹಾಗೆ. ಮೂವತ್ತೇಳು ವರ್ಷ ಇದನ್ನು ಯಾರಿಗೂ ಹೇಳಲಿಲ್ಲ — ಹೆಂಡತಿಗೂ.

ಚಿನ್ನದ ಗಣಿಯ ಊರಾದ ಉರಿಗಾಂನ ಒಂದೇ ಕ್ಲಬ್ಬಿನಲ್ಲಿ ಬಾಕ್ಸಿಂಗ್ ಕಲಿತವರು ನಾವು. ನಾನು ಅಲ್ಲೇ ಲೈನ್ ಮನೆಯವನು, ಗಣಿ ಕಾರ್ಮಿಕನ ಮಗ. ಮುನಿರಾಜು ಬಂಗಾರಪೇಟೆ ಪಕ್ಕದ ಹಳ್ಳಿಯವನು. ಬೆಳಗ್ಗೆ ಹಾಲು ಕರೆದು ಡೈರಿಗೆ ಹಾಕಿ, ಸಂಜೆ ರೈಲು ಹತ್ತಿ ಅಭ್ಯಾಸಕ್ಕೆ ಬರುತ್ತಿದ್ದ. ನನಗಿಂತ ಚೆನ್ನಾಗಿ ಆಡುತ್ತಿದ್ದ. ಇದನ್ನೂ ನಾನು ಯಾರೆದುರೂ ಒಪ್ಪಿಕೊಂಡವನಲ್ಲ.

ರಾಜ್ಯ ಪಂದ್ಯಕ್ಕೆ ಬೆಂಗಳೂರಿಗೆ ಹೊರಟ ದಿನ ಬಂಗಾರಪೇಟೆಯಲ್ಲಿ ರೈಲು ಹತ್ತಿದವನೇ ನನ್ನ ಪಕ್ಕ ಕೂತು, ಅಂಗಿ ಎತ್ತಿ ತೋರಿಸಿದ. ಬಲ ಪಕ್ಕೆ ಕಪ್ಪಗೆ ಕಂದಿತ್ತು.

“ಸೀಮೆಹಸು ಒದ್ಬಿಡ್ತು ಕಣ್ಲಾ ನಾಣಿ. ಉಸ್ರು ಎಳ್ಕೊಂಡ್ರೆ ಚುಚ್ತದೆ. ಕೋಚ್ ಸಾರ್‌ಗೆ ಏಳ್ಬೇಡ, ಆಡಕ್ಕೆ ಬಿಡಲ್ಲ.”

“ಏಳಲ್ಲ ಬಿಡ್ಲಾ,” ಎಂದೆ. ಕೋಚ್‌ಗೆ ಹೇಳಲಿಲ್ಲ, ನಿಜ. ಆದರೆ ನಾನು ಮರೆಯಲೂ ಇಲ್ಲ —

ಫೈನಲ್‌ನಲ್ಲಿ ನಾವಿಬ್ಬರೇ ಎದುರಾದೆವು. ಗೆದ್ದವನಿಗೆ ರೈಲ್ವೆಯಲ್ಲಿ ಕೆಲಸ ಸಿಗುವ ಮಾತಿತ್ತು. ಎರಡು ಸುತ್ತು ಅವನದೇ. ಬಲ ಮೊಣಕೈಯನ್ನು ಪಕ್ಕೆಗೆ ಅಂಟಿಸಿಕೊಂಡು, ಹೆಚ್ಚುಕಮ್ಮಿ ಒಂದೇ ಕೈಯಲ್ಲಿ ಆಡಿ ನನ್ನನ್ನು ಹಣ್ಣು ಮಾಡಿದ್ದ. ಮೂರನೆಯ ಸುತ್ತಿನಲ್ಲಿ ನನ್ನ ಕೈ ತಾನಾಗಿ ಅಲ್ಲಿಗೆ ಹೋಯಿತು ಎಂದು ಬರೆಯಬಹುದು. ಸುಳ್ಳಾಗುತ್ತದೆ. ತಲೆಗೆ ಹೊಡೆಯುವಂತೆ ನಟಿಸಿದೆ, ಅವನು ಕೈ ಎತ್ತಿದ, ಪಕ್ಕೆ ಬಯಲಾಯಿತು. ಎಡಗೈಯನ್ನು ಪೂರ್ತಿ ಬೀಸಿದೆ. ಮಂಡಿಯೂರಿದವನು ರೆಫರಿಯತ್ತ ನೋಡಲಿಲ್ಲ, ನನ್ನನ್ನು ನೋಡಿದ. ಆ ನೋಟ —

ಮುರಿದ ಎಲುಬು ಶ್ವಾಸಕೋಶಕ್ಕೆ ಚುಚ್ಚಿತ್ತಂತೆ. ಅವನು ಮತ್ತೆ ರಿಂಗ್ ಹತ್ತಲಿಲ್ಲ. ನಾನು ಕೆಲಸ ಹಿಡಿದೆ, ದೇಶಕ್ಕೂ ಆಡಿದೆ, ಪದಕ ಗೆದ್ದೆ. ಆ ಫೈನಲ್ ಹೇಗೆ ಗೆದ್ದಿರಿ ಸಾರ್ ಎಂದು ಕೇಳಿದವರಿಗೆಲ್ಲ “ಟೈಮಿಂಗ್” ಎನ್ನುತ್ತಿದ್ದೆ.

ನಿವೃತ್ತಿಯಾದ ಮೇಲೆ ಕೂತರೂ ನಿಂತರೂ ಸಮಾಧಾನವಿಲ್ಲ. ಕೊನೆಗೆ ಮೊನ್ನೆ ಭಾನುವಾರ ಅವನ ಮನೆಗೆ ಹೋದೆ. ಮುನಿರಾಜು ಕೊಟ್ಟಿಗೆಗೆ ಹುಲ್ಲು ಹೊರುತ್ತಿದ್ದ. ನಾಲ್ಕು ಹೆಜ್ಜೆಗೊಮ್ಮೆ ನಿಂತು ಉಸಿರು ತೆಗೆದುಕೊಳ್ಳುತ್ತಿದ್ದ. ನಿಂತಲ್ಲೇ ಎಲ್ಲವನ್ನೂ ಹೇಳಿಬಿಟ್ಟೆ.

“ಅದು ನಂಗೊತ್ತಿಲ್ವಾ?” ಎಂದ. “ರಿಂಗ್‌ನಾಗೆ ನಾನಾಗಿದ್ರೂ ಒಡೀತಿದ್ನೇನೋ. ಅದ್ ಬಿಡು. ಮೂರು ತಿಂಗ್ಳು ಮಲ್ಗಿದ್ದೆ ಕಣ್ಲಾ. ಒಂದ್ಸಲ ಬಂದು ನೋಡ್ಲಿಲ್ಲ ನೀನು. ಅಮ್ಮ ದಿನಾ ಕೇಳೋಳು, ನಾಣಿ ಬರ್ಲಿಲ್ವಾ ಅಂತ.”

ಒಂದು ಏಟಿಗೆ ಕ್ಷಮೆ ಕೇಳಲು ಸಿದ್ಧನಾಗಿ ಹೋಗಿದ್ದೆ. ಅವನ ಲೆಕ್ಕದಲ್ಲಿದ್ದದ್ದು ಬೇರೆಯದು. ಎಷ್ಟೋ ಸಲ ನನಗೆ ಮುದ್ದೆ ಬಡಿಸಿದ್ದ ತಾಯಿ — ಈಗಿಲ್ಲ. ಕೆಲಸಕ್ಕೆ ಹೋಗುವಾಗ ದಿನವೂ ನನ್ನ ರೈಲು ಬಂಗಾರಪೇಟೆಯಲ್ಲಿ ನಿಲ್ಲುತ್ತಿತ್ತು. ಪ್ಲಾಟ್‌ಫಾರಂ ಕಡೆಯ ಕಿಟಕಿಗೆ ನಾನು ಕೂರುತ್ತಲೇ ಇರಲಿಲ್ಲ. ಇಳಿದರೆ ಹತ್ತು ನಿಮಿಷದ ದಾರಿ. ಹೊಡೆದದ್ದು ಒಂದು ಕ್ಷಣ. ಇಳಿಯದೆ ಉಳಿದದ್ದು ಸಾವಿರಾರು ಬೆಳಗು.

ಅವನ ಕೈಯಿಂದ ಹುಲ್ಲಿನ ಹೊರೆ ತೆಗೆದುಕೊಂಡು ಕೊಟ್ಟಿಗೆಯಲ್ಲಿ ಹಾಕಿದೆ. ಬೇಡ ಎನ್ನಲಿಲ್ಲ. ಹೊರಟಾಗ ಮತ್ತೆ ಬಾ ಎಂದೂ ಅನ್ನಲಿಲ್ಲ.

ಕರೆಯಲಿ, ಬಿಡಲಿ. ನಾಳೆ ಹೋಗುತ್ತೇನೆ.