ಕೋಡಿಯ ಎರಡು ತಾಳೆಮರಗಳು

ನಾನು ಚಿಕ್ಕವಳಿದ್ದಾಗ ಕೋಡಿಗೆ ಸೇತುವೆ ಇರಲಿಲ್ಲ. ಕುಂದಾಪುರದ ಪೇಟೆಗೆ ಹೋಗಬೇಕೆಂದರೆ ದೋಣಿಯಲ್ಲಿ ಹೊಳೆ ದಾಟಬೇಕಿತ್ತು. ಈಗ ಮೊಮ್ಮಕ್ಕಳು ನೀವು ಸ್ಕೂಟರಿನಲ್ಲಿ ಭರ್ರೆಂದು ಹೋಗಿ ಐಸ್‌ಕ್ರೀಂ ತಿಂದು ಬರುತ್ತೀರಲ್ಲ, ಅದೇ ಕೋಡಿ. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಹೊಳೆ, ನಡುವೆ ಬರೀ ಮರಳು. ಆ ಮರಳಿನ ಮೇಲೆ ತೆಂಗಿನ ಗರಿಯ ಮಡಲು ಹೊದೆಸಿದ ನಮ್ಮ ಮನೆ. ಅಪ್ಪ ಒಬ್ಬರೇ ಸಣ್ಣ ದೋಣಿಯಲ್ಲಿ ಮೀನಿಗೆ ಹೋಗುತ್ತಿದ್ದರು. ಅಮ್ಮ ಆ ಮೀನನ್ನು ಬುಟ್ಟಿಯಲ್ಲಿ ಹೊತ್ತು ಪೇಟೆಯಲ್ಲಿ ಮಾರುತ್ತಿದ್ದಳು.

ನಮ್ಮ ಅಂಗಳದ ಅಂಚಿಗೆ ಒಂದು ತಾಳೆಮರವಿತ್ತು. ತಲೆಯೆತ್ತಿ ನೋಡಿದರೆ ಕುತ್ತಿಗೆ ನೋಯುವಷ್ಟು ಎತ್ತರ. ದಕ್ಷಿಣಕ್ಕೆ ಸ್ವಲ್ಪ ದೂರದಲ್ಲಿ, ನೆರೆಯವರ ಜಾಗದಲ್ಲಿ, ಅದಕ್ಕಿಂತ ತುಸು ಗಿಡ್ಡ ಇನ್ನೊಂದು. ಹೊಳೆಯ ಆಚೆ ಪೇಟೆಯಲ್ಲಿ ಹಂಚಿನ ಕಾರ್ಖಾನೆಯ ಚಿಮಣಿ ಹೊಗೆ ಬಿಡುತ್ತ ನಿಂತಿರುತ್ತಿತ್ತು. ಹೊಳೆ ಸಮುದ್ರಕ್ಕೆ ಸೇರುವ ಅಳಿವೆಯ ಬಾಯಲ್ಲಿ ನೀರಿನ ಕೆಳಗೆ ಮರಳಿನ ದಿಬ್ಬಗಳಿರುತ್ತವೆ. ದೋಣಿ ಅವಕ್ಕೆ ತಾಗಿದರೆ ಅಲೆ ಅದನ್ನು ಮಗುಚಿ ಹಾಕುತ್ತದೆ. ಕೋಡಿಯ ದೀಪಸ್ತಂಭ ಊರು ಯಾವುದೆಂದು ಹೇಳುತ್ತಿತ್ತು, ಒಳಗೆ ಬರುವ ದಾರಿಯನ್ನಲ್ಲ. ದಾರಿ ಹೇಳುತ್ತಿದ್ದುದು ನಮ್ಮ ಮರ. ಸಮುದ್ರದಿಂದ ನೋಡುವಾಗ ಮರದ ಹಿಂದೆ ಚಿಮಣಿ ನೇರಕ್ಕೆ ಬಂದು ಕೂತರೆ ದೋಣಿ ಆಳದ ನೀರಿನಲ್ಲಿದೆ ಎಂದು ಅರ್ಥ. ಆ ನೇರ ಬಿಡದೆ ಹುಟ್ಟು ಹಾಕಿದರೆ ಸೀದಾ ಮನೆ.

ಅಕ್ಕನ ಮದುವೆ ಗೊತ್ತಾಗಿತ್ತು. ಮಡಲಿನ ಮನೆಯಲ್ಲಿ ಮದುವೆ ಮಾಡುವುದು ಹೇಗೆ? ಮುಂಬೈಯಲ್ಲಿ ಹೋಟೆಲಿನ ಅಡುಗೆ ಮಾಡುತ್ತಿದ್ದ ದೊಡ್ಡಪ್ಪ ರಜೆ ಹಾಕಿ ಬಂದರು. ಅಂಗಳದಲ್ಲಿ ಕೆಂಪು ಹಂಚು ಬಂದು ಕೂತಿತು. ಹಂಚಿನ ಕೆಳಗೆ ಹಾಕುವ ಪಕಾಸಿಗೆ ತಾಳೆಮರದಷ್ಟು ಗಟ್ಟಿ ಬೇರೆ ಇಲ್ಲ, ಗೆದ್ದಲೂ ಮುಟ್ಟುವುದಿಲ್ಲ. "ಮಳೆಗಾಲಕ್ಕೆ ದೋಣಿ ಮೇಲೆ ಎಳ್ದ್ ಮೇಲೆ ಕಡಿವ ಅಣ್ಣಯ್ಯ, ಈಗ ಬ್ಯಾಡ," ಎಂದರು ಅಪ್ಪ. ಯಾಕೆಂದು ಅವರು ಹೇಳಲಿಲ್ಲ, ದೊಡ್ಡಪ್ಪ ಕೇಳಲೂ ಇಲ್ಲ. ದೊಡ್ಡಪ್ಪ ಚಿಕ್ಕಂದಿನಲ್ಲೇ ಮುಂಬೈಗೆ ಹೋದವರು, ಸಮುದ್ರದ ಕೆಲಸ ಕಂಡವರಲ್ಲ.

ಆ ದಿನ ಅಪ್ಪ ನಸುಕಿಗೇ ಹೊರಟರು. ಅಮ್ಮ ಒಣಮೀನಿನ ಬುಟ್ಟಿ ಹೊತ್ತು ಪೇಟೆಗೆ ಹೋದಳು. ದೊಡ್ಡಪ್ಪನಿಗೆ ರಜೆ ಮುಗಿಯುತ್ತ ಬಂದಿತ್ತು. ಹೆಮ್ಮಾಡಿಯಿಂದ ಮರ ಕಡಿಯುವವರನ್ನು ಅವರು ಕರೆಸಿಯೇ ಬಿಟ್ಟಿದ್ದರು. "ತಮ್ಮ ಬಪ್ಪುದ್ರೊಳ್ಗೆ ಕೆಲ್ಸ ಮುಗಿಕ್. ಕಂಡ್ರೆ ಅವ್ನಿಗೆ ಎಷ್ಟ್ ಖುಷಿ ಆತ್ತ್ ಗೊತ್ತಿತ್ತಾ?" ಎಂದು ನನ್ನ ಕೆನ್ನೆ ಹಿಂಡಿದರು. ಮರದ ನೇರದ ವಿಷಯ ಆಗ ಅಕ್ಕನಿಗೂ ನನಗೂ ಗೊತ್ತಿರಲಿಲ್ಲ, ನನಗಂತೂ ಹಬ್ಬ! ಅಕ್ಕ ಕೆಲಸದವರಿಗೆಂದು ಹಲಸಿನ ಎಲೆಯ ಕೊಟ್ಟೆ ಕಡುಬು ಬೇಯಿಸಿದಳು. ಎಲೆ ಬಿಡಿಸಿದಾಗ ಏಳುವ ಆ ಬಿಸಿ ಪರಿಮಳಕ್ಕೆ ಇವತ್ತಿಗೂ ನನ್ನ ಬಾಯಲ್ಲಿ ನೀರೂರುತ್ತದೆ. ಒಣ ಚಟ್ಲಿಯನ್ನು, ಅಂದರೆ ಸಿಗಡಿಯನ್ನು, ಹುರಿದು ಕಾಯಿ ಹಾಕಿ ಅರೆದ ಚಟ್ನಿಯನ್ನೂ ಮಾಡಿದಳು. ಅದು ಅಪ್ಪನ ಗಂಜಿಗೆ.

ಮಧ್ಯಾಹ್ನ ಊರಿನ ಉಳಿದ ದೋಣಿಗಳೆಲ್ಲ ಬಂದವು. ಗಂಡಸರು ಉಂಡು ಮಲಗಿದರು. ಅಪ್ಪನ ದೋಣಿ ಮಾತ್ರ ಬರಲಿಲ್ಲ. ಮೀನು ಸಿಕ್ಕರೆ ಅವರು ಹಾಗೆಯೇ, ಹೊತ್ತು ನೋಡುವವರಲ್ಲ. ಎಲ್ಲರೂ ಮಲಗಿದ ಹೊತ್ತಿಗೆ ನಮ್ಮ ಮರ ಬಿತ್ತು. ನೆಲ ಅದುರಿತು, ಮರಳು ಎದ್ದು ಕಣ್ಣಿಗೆ ಬಿತ್ತು. ನಾನು ಚಪ್ಪಾಳೆ ತಟ್ಟಿದೆ. ಕಡಿದವರು ಕೂಲಿ ತೆಗೆದುಕೊಂಡು ಕಡುಬು ತಿಂದು ಊರಿಗೆ ಹೊರಟರು.

ಸಂಜೆ ಅಮ್ಮ ಪೇಟೆಯಿಂದ ಬಂದಳು. ಹೊಳೆ ದಾಟುವಾಗಲೇ ಅವಳಿಗೆ ಮರ ಇಲ್ಲದ್ದು ಕಂಡಿತ್ತಂತೆ. ಖಾಲಿ ಬುಟ್ಟಿಯನ್ನು ಎಲ್ಲೋ ಬಿಸಾಡಿ ಓಡಿ ಬಂದವಳು ಬಿದ್ದ ಮರದ ಹತ್ತಿರ ನಿಂತುಬಿಟ್ಟಳು.

"ಎಂತ ಮಾಡ್ರಿ ಭಾವ ನೀವ್?"

ದೊಡ್ಡಪ್ಪ ನಗುತ್ತಲೇ ಇದ್ದರು. "ಒಂದ್ ಮರ ಕಡ್ದ್ರೆ ಎಂತ ಆತ್ತ್ ಮಾರಾಯ್ತಿ? ಅಲ್ಲ್ ಇನ್ನೊಂದ್ ಇತ್ತಲೆ!"

"ಅದೇ ಭಾವ, ಅದೇ! ಈಗ ಕಾಂಬ್ದ್ ಅದೊಂದೇ. ಮುಸ್ಸಂಜೆ ಮಬ್ಬಲ್ಲಿ ಅವ್ರ್ ಅದನ್ನೇ ನಮ್ ಮರ ಅಂದೇಳಿ ದೋಣಿ ಬಿಡ್ತ್ರ್. ಅದ್ರ್ ನೇರಕ್ಕೆ ಇಪ್ಪುದ್ ದಿಬ್ಬ!"

ದೊಡ್ಡಪ್ಪ ತಿರುಗಿ ಸಮುದ್ರ ನೋಡಿದರು. ಅಷ್ಟರಲ್ಲಿ ಅಕ್ಕ ಕೈ ತೋರಿಸಿದಳು. ದೂರದಲ್ಲಿ ಅಪ್ಪನ ದೋಣಿ ಕಾಣುತ್ತಿತ್ತು. ಗಾಳಿ ಎದ್ದಿತ್ತು, ಸಮುದ್ರದ ತುಂಬ ಬಿಳಿ ನೊರೆ.

"ಅದನ್ನೂ ಕಡ್ದ್ ಹಾಕಿ, ಬೇಗ! ಎರಡೂ ಇಲ್ದಿರೆ ಅವ್ರ್ ಹೊರ್ಗೇ ನಿಲ್ತ್ರ್," ಎಂದಳು ಅಮ್ಮ.

ದೊಡ್ಡಪ್ಪ ಕೊಡಲಿ ಹಿಡಿದು ಓಡಿದರು. ಮುಂಬೈಯಲ್ಲಿ ಈರುಳ್ಳಿ ಹೆಚ್ಚಿದ ಕೈ ಅದು. ಹಳೆಯ ತಾಳೆಮರ ಕಬ್ಬಿಣದ ಹಾಗಿರುತ್ತದೆ, ಕೊಡಲಿ ಠಣ್ ಎಂದು ಹಿಂದಕ್ಕೆ ಚಿಮ್ಮುತ್ತಿತ್ತು. ಹಿಡಿಯ ಮೇಲೆ ರಕ್ತ ಹರಿದರೂ ಅವರು ನಿಲ್ಲಿಸಲಿಲ್ಲ. ಅಮ್ಮ ಮನೆಮನೆಯ ಬಾಗಿಲು ಬಡಿದು ಗಂಡಸರನ್ನು ಎಬ್ಬಿಸಿದಳು. ಕೆಲವರು ದೋಣಿ ಇಳಿಸಲು ಓಡಿದರು. ಅಕ್ಕ ನೀರಿಗಿಳಿದು ಸೆರಗು ಬೀಸಿದಳು. ದಿನಾ ಅಪ್ಪ ಬೇಗ ಬರಲಿ ಎಂದು ಕಾಯುತ್ತಿದ್ದ ನಾವು ಅವತ್ತು ಗಂಟಲು ಹರಿಯುವ ಹಾಗೆ ಕೂಗಿದೆವು. "ಹ್ವಾಯ್! ಅಪ್ಪಯ್ಯಾ! ಬರ್ಬೇಡಿ! ಬರ್ಬೇಡಿ!"

ಗಾಳಿ ಸಮುದ್ರದಿಂದ ನೆಲಕ್ಕೆ ಬೀಸುತ್ತಿತ್ತು. ನಮ್ಮ ಕೂಗು ನಮ್ಮ ಹಿಂದಕ್ಕೇ ಹೋಯಿತು. ಅಪ್ಪನ ದೋಣಿ ಒಮ್ಮೆ ನಿಂತು, ಮೂತಿಯನ್ನು ಒಂದಿಷ್ಟು ದಕ್ಷಿಣಕ್ಕೆ ತಿರುಗಿಸಿಕೊಂಡಿತು. ಆಮೇಲೆ ಆ ಇನ್ನೊಂದು ಮರದ ನೇರಕ್ಕೇ ಬರತೊಡಗಿತು. ಅವರು ಹೆದರಿದವರ ಹಾಗೆ ಕಾಣಲಿಲ್ಲ. ದಿನಾ ಬರುವ ಹಾಗೆಯೇ, ನಿಧಾನವಾಗಿ ಹುಟ್ಟು ಹಾಕುತ್ತ ಬಂದರು. ಕೊಡಲಿಯ ಸದ್ದು ಕೇಳುತ್ತಲೇ ಇತ್ತು. ದೋಣಿ ಒಂದು ಸಲ ಮೇಲೆದ್ದಿತು. ಮುಂದಿನ ಅಲೆ ಇಳಿದಾಗ ಅಲ್ಲಿ ನೀರು ಮಾತ್ರ ಇತ್ತು.

ನನಗೆ ಅಳು ಬರಲಿಲ್ಲ. ಒಳಗೆ ಹೋಗಿ ಅಪ್ಪನ ಗಂಜಿಯ ಮೇಲೆ ತಟ್ಟೆ ಮುಚ್ಚಿದೆ, ನೊಣ ಕೂರಬಾರದಲ್ಲ. ಮರುದಿನ ಬೆಳಿಗ್ಗೆ ಊರವರು ಅಪ್ಪನನ್ನು ಹೊತ್ತು ತಂದರು. ಆಗಲೂ ಅಳಲಿಲ್ಲ. ಬಂದವರು ನನ್ನ ತಲೆ ಸವರಿದರು, ನಾನು ಅವರ ಕಾಲಿನ ಮರಳು ನೋಡುತ್ತ ಕೂತೆ. ಅಮ್ಮನೂ ಹಾಗೆಯೇ ಇದ್ದಳು. ಅವಳು ದೊಡ್ಡಪ್ಪನನ್ನು ಬೈಯುತ್ತಾಳೆ ಎಂದು ಊರೆಲ್ಲ ಕಾದಿತ್ತು. ಬೈಯಲಿಲ್ಲ. ಎಷ್ಟೋ ದಿನದ ಮೇಲೆ ಒಮ್ಮೆ, "ಭಾವ, ಗಂಜಿ ಬಡ್ಸಿದ್ದೆ, ಬನ್ನಿ," ಎಂದಳು. ದೊಡ್ಡಪ್ಪ ಎದ್ದು ಹೋಗಿ ಉಂಡರು.

ಹಂಚಿನ ಮಾಡಿಗೆ ಅದೇ ಮರದ ಪಕಾಸಿ ಹಾಕಿದರು. ಬೇರೆ ತರಲು ಕೈಯಲ್ಲಿ ಏನಿತ್ತು? ಅಕ್ಕನ ಮದುವೆ ಮರುವರ್ಷ ಅದರ ಕೆಳಗೇ ಆಯಿತು. ದೊಡ್ಡಪ್ಪ ಮುಂಬೈಗೆ ಮರಳಿ ಹೋಗಲೇ ಇಲ್ಲ. ಪೇಟೆಯಲ್ಲಿ, ದೋಣಿ ಇಳಿಯುವಲ್ಲಿ, ಸಣ್ಣದೊಂದು ಊಟದ ಅಂಗಡಿ ಹಾಕಿದರು. ಮಸಾಲೆ ಅರೆದು ಬಂಗುಡೆ ಸಾರು ಮಾಡುತ್ತಿದ್ದವಳು ಅಮ್ಮ, ಬಡಿಸುತ್ತಿದ್ದವರು ದೊಡ್ಡಪ್ಪ. ನನ್ನನ್ನು ಓದಿಸಿ ಮದುವೆ ಮಾಡಿದ್ದೂ ಅವರೇ. ಊರಿಗೆಲ್ಲ ಮೀನು ಬಡಿಸಿದ ಅವರು ಸಾಯುವವರೆಗೂ ಮೀನು ಮುಟ್ಟಲಿಲ್ಲ. ಹೆಮ್ಮಾಡಿಯ ಹೈವೇ ಬದಿಯಲ್ಲಿ ನಿಮ್ಮ ಮಾವ ನಡೆಸುವ ಹೋಟೆಲು ಶುರುವಾದದ್ದು ಆ ಅಂಗಡಿಯಿಂದ. ನೀವು ಅಲ್ಲಿ ನೀರುದೋಸೆ, ಚಿಕನ್ ಘೀ ರೋಸ್ಟ್ ಎಂದು ಮುಗಿಬೀಳುತ್ತೀರಿ, ತಿನ್ನಿ, ನನಗೇನು! ಬಂಗುಡೆ ಸಾರಿನ ರುಚಿ ಮಾತ್ರ ಇವತ್ತಿಗೂ ಅಮ್ಮನದೇ.

ಹಂಚಿನ ಕಾರ್ಖಾನೆ ಮುಚ್ಚಿದೆ. ಚಿಮಣಿ ಇದ್ದಲ್ಲಿ ಬಟ್ಟೆ ಅಂಗಡಿಗಳು ಬಂದಿವೆ. ಅಳಿವೆಗೆ ಕಲ್ಲಿನ ದಂಡೆ ಕಟ್ಟಿದ್ದಾರೆ, ದೋಣಿಗಳಿಗೆ ಎಂಜಿನ್ನು, ದಾರಿ ತೋರಿಸುವ ಯಂತ್ರ ಎಲ್ಲ ಇವೆ. ದೀಪಸ್ತಂಭ ಇದ್ದ ಹಾಗೇ ಇದೆ. ದೊಡ್ಡಪ್ಪ ಕಡಿಯಲಾರದೆ ಬಿಟ್ಟ ತಾಳೆಮರವೂ ಇದೆ, ಬುಡದಲ್ಲಿ ಕೊಡಲಿಯ ಗಾಯ ಹೊತ್ತುಕೊಂಡು. ಅದಕ್ಕೆ ಒರಗಿ ನೀವು ಫೋಟೋ ತೆಗೆಸಿಕೊಂಡಾಗಲೂ ನನ್ನೊಳಗೆ ಏನೂ ಏಳಲಿಲ್ಲ.

ನೀವು ಮನೆ ಬಿಟ್ಟರೆ ಸಾಕು, ನಿಮ್ಮ ಅಮ್ಮ ಫೋನಿನಲ್ಲಿ ನೀವು ಎಲ್ಲಿದ್ದೀರೆಂದು ನೋಡುತ್ತಾಳೆ. ಒಂದು ಚುಕ್ಕಿ ಮನೆಯ ಕಡೆಗೆ ಬರುತ್ತಿದ್ದರೆ ಅವಳಿಗೆ ಸಮಾಧಾನ. "ಅಗಾ, ಬಂದೇ ಬಿಟ್ರ್," ಎಂದು ದೋಸೆಕಲ್ಲು ಒಲೆಗಿಡುತ್ತಾಳೆ. ನನಗೆ ಮಾತ್ರ ಆ ಚುಕ್ಕಿ ನೋಡಲಾಗುವುದಿಲ್ಲ ಮಕ್ಕಳೇ. ನಮ್ಮ ಅಪ್ಪನೂ ಕಣ್ಣೆದುರಿಗೇ, ದಾರಿ ಸರಿಯಿದೆ ಎಂದುಕೊಂಡು, ಮನೆಯ ಕಡೆಗೇ ಬರುತ್ತಿದ್ದರು.